ಮಲ್ಲರ ಆಹಾರವೂ ಇಂದಿನ ಬಲವರ್ಧಕಗಳೂ: ಹಾವೇರಿ ಸೀಮೆಗೆ ಸಂಬಂಧಿಸಿದ ಮೂರು ಆಧಾರಗಳ ವಿಮರ್ಶೆ

೧

ದೇಹಬಲವನ್ನು ಕುರಿತ ಮಾತು ಬಂದಾಗಲೆಲ್ಲ ಪ್ರಾಚೀನರನ್ನು ಸಾಕ್ಷಿಗೆ ಕರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಈಚಿನ ವರ್ಷಗಳಲ್ಲಿ ಈ ರೂಢಿಗೆ ಹೊಸದೊಂದು ಉಪಯೋಗ ಒದಗಿದೆ. ಪ್ರೋಟೀನು ಎಂದು ವ್ಯವಹಾರದಲ್ಲಿರುವ ಸಸಾರಜನಕ ಪದಾರ್ಥವನ್ನು ಪುಡಿಯ ರೂಪದಲ್ಲಿ ಡಬ್ಬಿಗೆ ತುಂಬಿ ಮಾರುವವರು ಅದನ್ನು 'ನೈಸರ್ಗಿಕ'ವೆಂದು ಕರೆಯುತ್ತಾರೆ. ಅದು ಓಟಗಾರನ ತಾಳಿಕೆಯನ್ನು ಹೆಚ್ಚಿಸುತ್ತದೆ, ಮೈಯ ಕೊಬ್ಬನ್ನು ಕರಗಿಸುತ್ತದೆ ಎನ್ನುತ್ತಾರೆ. ಹಿಂದಿನ ಜಟ್ಟಿಗಳು ಬಲ್ಲ ರಹಸ್ಯವೇ ಇದೆಂದು ಸೇರಿಸುವುದನ್ನೂ ಮರೆಯುವುದಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಒಂದೇ ರೈಲುದಾರಿಯ ಮೇಲಿರುವ ಊರುಗಳು. ಇಲ್ಲಿಯ ಕಾಲೇಜುಗಳಲ್ಲಿ ಓದುತ್ತ ಓಟ, ಕುಸ್ತಿ, ಕಬಡ್ಡಿಗಳಲ್ಲಿ ತೊಡಗಿರುವ ತರುಣರ ಪೈಕಿ ಒಕ್ಕಲುತನದ ಮತ್ತು ಕೂಲಿಯ ಮನೆಗಳಿಂದ ಬಂದವರು ಬಹಳ. ಅಂಥವರ ಕಿವಿಗೂ ಈ ಮಾತು ಬಿದ್ದಿದೆ. ಡಬ್ಬಿಯೊಂದಕ್ಕೆ ಕೊಡಬೇಕಾದ ಹಣ ಅವರ ಮನೆಯ ಹಲವು ದಿನಗಳ ಸಂತೆಯ ವೆಚ್ಚಕ್ಕೆ ಸಮನಾಗುವುದರಿಂದ, ಈ ಪ್ರಶ್ನೆ ಕೇವಲ ಪಾಂಡಿತ್ಯಕ್ಕೆ ಸಂಬಂಧಿಸಿದುದಲ್ಲ.

ವೈದ್ಯಶಾಸ್ತ್ರದ ತೀರ್ಪು ಕೊಡುವುದು ನಮ್ಮ ಕ್ಷೇತ್ರಕ್ಕೆ ಹೊರತಾದುದು. ಆದರೆ ಇತಿಹಾಸವನ್ನು ಸಾಕ್ಷಿಗೆ ಕರೆದಾಗ, ಆ ಸಾಕ್ಷಿ ನಿಜವಾಗಿ ಏನು ನುಡಿಯುತ್ತದೆಂಬುದನ್ನು ಪರೀಕ್ಷಿಸುವುದು ಇತಿಹಾಸದ ಅಧ್ಯಾಪಕರ ಕರ್ತವ್ಯವೇ ಸರಿ. ಪ್ರಕೃತ ಲೇಖನದಲ್ಲಿ ಈ ಸೀಮೆಗೆ ಸಂಬಂಧಪಟ್ಟ ಮೂರು ಆಧಾರಗಳನ್ನು ಪರಿಶೀಲಿಸಲಾಗಿದೆ. ಮೊದಲನೆಯದು ಕಲ್ಯಾಣ ಚಾಲುಕ್ಯರ ಅರಸು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ಎರಡನೆಯದು ಕನಕದಾಸರ 'ರಾಮಧಾನ್ಯಚರಿತ್ರೆ'. ಮೂರನೆಯದು ೧೯೩೦ರ ದಂಡಿ ಯಾತ್ರೆಗಾಗಿ ಗಾಂಧೀಜಿ ಗೊತ್ತುಪಡಿಸಿದ ಊಟದ ನಿಯಮ. ಈ ಮೂರೂ ಸೇರಿ ಹೇಳುವುದು ಒಂದೇ ಮಾತನ್ನು ಎಂಬುದು ನಮ್ಮ ಅಭಿಪ್ರಾಯ: ಬಲದ ಇತಿಹಾಸವೆಂದರೆ ಭಕ್ಷ್ಯಗಳ ಪಟ್ಟಿಯ ಇತಿಹಾಸವಲ್ಲ; ಯಾರು ದುಡಿದರು, ಯಾರು ಉಣಿಸಿದರು, ಯಾವ ಅನ್ನ ಯಾರ ಕೈಗೆ ಎಟುಕಿತು ಎಂಬುದರ ಇತಿಹಾಸ.

೨

'ಅಭಿಲಷಿತಾರ್ಥಚಿಂತಾಮಣಿ' ಎಂಬ ಇನ್ನೊಂದು ಹೆಸರುಳ್ಳ ಮಾನಸೋಲ್ಲಾಸ ಸುಮಾರು ೧೧೨೯ರ ವೇಳೆಗೆ ರಚಿತವಾದ ಸಂಸ್ಕೃತ ಗ್ರಂಥ. ಅದರಲ್ಲಿ ಐದು ವಿಂಶತಿಗಳೂ ನೂರು ಅಧ್ಯಾಯಗಳೂ ಇವೆ. ಗ್ರಂಥಕರ್ತನ ಬಿರುದು 'ಭೂಲೋಕಮಲ್ಲ' ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಅವನ ವಂಶದ ಆಳ್ವಿಕೆ ಈ ಸೀಮೆಯಲ್ಲಿ ಬಿಟ್ಟುಹೋದ ಗುರುತುಗಳು ಇಂದಿಗೂ ನಿಂತಿವೆ. ಹಾವೇರಿಯ ಸಿದ್ಧೇಶ್ವರ ದೇವಾಲಯ, ಹಾವೇರಿ ತಾಲೂಕಿನ ಗಳಗನಾಥದ ಗಳಗೇಶ್ವರ ಇವುಗಳನ್ನು ನೋಡಿದವರಿಗೆ ಆ ಗ್ರಂಥದ ಲೋಕ ಪರಕೀಯವೆನಿಸದು.

ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಅರಸನ ವಿನೋದಗಳ ವರ್ಣನೆಯಿದೆ. ಅವುಗಳಲ್ಲಿ ಮಲ್ಲವಿನೋದವೂ ಒಂದು. ವಯಸ್ಸು, ಮೈಕಟ್ಟು, ಶಕ್ತಿ ಇವುಗಳಿಗನುಗುಣವಾಗಿ ಮಲ್ಲರನ್ನು ಬೇರೆ ಬೇರೆ ವರ್ಗಗಳಾಗಿ ವಿಂಗಡಿಸಿ, ಅವರಿಗೆ ತಕ್ಕ ವ್ಯಾಯಾಮಗಳನ್ನು ವಿಧಿಸಲಾಗಿದೆ. ಭಾರವನ್ನೆತ್ತುವ ಭಾರಶ್ರಮ, ನಡಿಗೆ ಓಟಗಳ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ತೋಳುಗಳ ಸಾಧನೆಗಾಗಿ ಬಾಹುಪೇಲ್ಲಣಕಶ್ರಮ, ಕಂಬದ ಮೇಲಣ ಸ್ತಂಭಶ್ರಮ ಎಂಬ ಹೆಸರುಗಳು ಅಲ್ಲಿ ಬರುತ್ತವೆ. ಕೊನೆಯದು ಇಂದಿನ ಮಲ್ಲಕಂಬದ ಪೂರ್ವರೂಪವೆಂದು ವಿದ್ವಾಂಸರು ಎಣಿಸಿದ್ದಾರೆ. ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಸಿಹಿಭಕ್ಷ್ಯಗಳು ಇವನ್ನೆಲ್ಲ ಒದಗಿಸಬೇಕಾದವನು ಅರಸನೇ ಎಂದೂ ಹೇಳಿದೆ.

ಈ ಆಹಾರದ ಪಟ್ಟಿಯನ್ನು ಇಂದು ಉದ್ಧರಿಸುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ಮೊದಲನೆಯದಾಗಿ, ಇಲ್ಲಿರುವುದು ವಿಧಿಯೇ ಹೊರತು ವರದಿಯಲ್ಲ. ಅರಸನು ಹೀಗೆ ಮಾಡತಕ್ಕದ್ದು ಎಂಬ ಮಾತಿನಿಂದ ನಾಡಿನ ಗರಡಿಗಳಲ್ಲೆಲ್ಲ ಹೀಗೆಯೇ ನಡೆಯುತ್ತಿತ್ತೆಂದು ಊಹಿಸಲಾಗದು. ಆಸ್ಥಾನದ ವಿನೋದಕ್ಕೆಂದು ಸಾಕಿದ ಕೆಲವೇ ಮಲ್ಲರ ಊಟವನ್ನು 'ನಮ್ಮ ಪೂರ್ವಿಕರ ಊಟ' ಎಂದು ಕರೆಯುವುದು ಅರಮನೆಯ ಅಡಿಗೆಮನೆಯನ್ನು ಊರಿನ ಒಲೆಯೆಂದು ಭ್ರಮಿಸಿದಂತೆ. ಎರಡನೆಯದಾಗಿ, ಪಟ್ಟಿಯಲ್ಲಿ ಬೇಳೆ ಹಾಲುಗಳ ಪಕ್ಕದಲ್ಲಿಯೇ ಸಕ್ಕರೆ ಮತ್ತು ಸಿಹಿಭಕ್ಷ್ಯಗಳಿವೆ, ಮಾಂಸವೂ ಇದೆ. ಶಾಕಾಹಾರದ ಪ್ರತಿಪಾದಕರು ಮಾಂಸವನ್ನು ಬಿಡುತ್ತಾರೆ. ಕೊಬ್ಬು ಕರಗಿಸುವವರು ಸಕ್ಕರೆಯನ್ನು ಬಿಡುತ್ತಾರೆ. ಹೀಗೆ ಆರಿಸಿ ಉಳಿಸಿದುದು ಸೋಮೇಶ್ವರನ ಪಟ್ಟಿಯಲ್ಲ, ಉದ್ಧರಿಸುವವರ ಪಟ್ಟಿ. ಮಲ್ಲನ ಮೈಯನ್ನು ಬೆಳೆಸುವುದು ಅರಸನ ಉದ್ದೇಶವಾಗಿತ್ತು; ಕೃಶಗೊಳಿಸುವುದಾಗಿರಲಿಲ್ಲ. ಮೂರನೆಯದಾಗಿ, ಭಾರ, ಭ್ರಮಣ, ಸಲಿಲ, ಸ್ತಂಭ ಎಂಬ ಶ್ರಮಗಳ ಸಾಲಿನಿಂದ ಬೇರ್ಪಡಿಸಿದಾಗ ಆ ಆಹಾರಕ್ಕೆ ಅರ್ಥವಿಲ್ಲ. ವ್ಯಾಯಾಮಗಳಿಗೆಲ್ಲ 'ಶ್ರಮ' ಎಂಬ ಒಂದೇ ಶಬ್ದವನ್ನು ಜೋಡಿಸಿರುವುದು ಗಮನಾರ್ಹ.

ಗುಜರಾತಿನ ಜ್ಯೇಷ್ಠೀಮಲ್ಲರಿಗೆ ಸಂಬಂಧಿಸಿದ 'ಮಲ್ಲಪುರಾಣ'ವೂ ಈ ದೃಷ್ಟಿಗೆ ಪೋಷಕವಾಗಿದೆ. ಬರೋಡೆಯಿಂದ ೧೯೬೪ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಮಲ್ಲರ ಆಹಾರವನ್ನು ಋತುವಿಗನುಸಾರವಾಗಿ ಬದಲಾಯಿಸಿ ಹೇಳಿದೆ. ಎಲ್ಲ ಕಾಲಕ್ಕೂ ಎಲ್ಲರಿಗೂ ಸಲ್ಲುವ ಒಂದು ರಹಸ್ಯ ದ್ರವ್ಯದ ಕಲ್ಪನೆ ಹಳಬರಿಗೆ ಇದ್ದಂತೆ ಕಾಣುವುದಿಲ್ಲ.

೩

ಅರಮನೆಯಿಂದ ಹೊಲದ ಕಡೆಗೆ ಬಂದರೆ ನಮಗೆ ದೊರೆಯುವ ಸಾಕ್ಷಿ ಕನಕದಾಸರದು. ಅವರು ಹುಟ್ಟಿದ ಬಾಡ ಶಿಗ್ಗಾಂವಿ ತಾಲೂಕಿನಲ್ಲಿದೆ. ಅವರ ಆರಾಧ್ಯದೈವದ ನೆಲೆಯಾದ ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲಿದೆ. ಭಾಮಿನೀ ಷಟ್ಪದಿಯ ಅವರ ರಾಮಧಾನ್ಯಚರಿತ್ರೆಯ ಕಥೆ ಓದುಗರಿಗೆ ತಿಳಿದೇ ಇದೆ. ಧಾನ್ಯಗಳಲ್ಲಿ ಮೇಲಾದುದು ಯಾವುದೆಂಬ ಪ್ರಶ್ನೆ ರಾಮನ ಮುಂದೆ ಏಳುತ್ತದೆ. ಗೌತಮನು ನರೆದಲೆಗವನ್ನು, ಎಂದರೆ ರಾಗಿಯನ್ನು, ಎತ್ತಿ ಹಿಡಿಯುತ್ತಾನೆ. ವ್ರೀಹಿ, ಎಂದರೆ ನೆಲ್ಲು, ಇದನ್ನು ಸಹಿಸದೆ ಜಗಳಕ್ಕೆ ನಿಲ್ಲುತ್ತದೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ನೆಲ್ಲು ಸೊರಗಿರುತ್ತದೆ, ನರೆದಲೆಗ ಕೆಡದೆ ಉಳಿದಿರುತ್ತದೆ. ರಾಘವನ ಹೆಸರನ್ನೂ ಪಡೆಯುತ್ತದೆ.

ರಾಗಿಯಲ್ಲಿ ಅತಿಶಯವಾದ ಪುಷ್ಟಿಯಿದೆ ಎಂಬುದಕ್ಕೆ ಈ ಕಾವ್ಯವನ್ನು ಪ್ರಮಾಣವಾಗಿ ಒಡ್ಡುವ ಪದ್ಧತಿ ಈಗ ಬಂದಿದೆ. ಈ ಓದು ಸಾಧುವೆಂದು ನಮಗೆ ತೋರುವುದಿಲ್ಲ. ಕಾವ್ಯದಲ್ಲಿ ಪರೀಕ್ಷೆಗೆ ಒಳಗಾಗುವುದು ಉಂಡವನ ಮೈಯಲ್ಲ, ಧಾನ್ಯದ ಮೈ. ಆರು ತಿಂಗಳ ಸೆರೆ ಎಂದರೆ ಹಗೇವಿನ ವಾಸ. ತಾಳುವುದು ಎಂದರೆ ಹುಳುಬೂಷ್ಟುಗಳಿಗೆ ಈಡಾಗದೆ ಮುಂದಿನ ಬೆಳೆಯ ತನಕ ಉಳಿಯುವುದು. ಮಳೆ ತಪ್ಪಿದ ವರ್ಷದಲ್ಲಿ ಬಡವನ ಮನೆಯನ್ನು ಕಾಯುವ ಗುಣ ಅದು. ಪೋಷಣಾಶಾಸ್ತ್ರದ ಕೋಷ್ಟಕಗಳನ್ನು ನೋಡಿದರೂ, ೧೦೦ ಗ್ರಾಂ ರಾಗಿಯಲ್ಲಿ ಸಸಾರಜನಕ ಸುಮಾರು ೭ ಗ್ರಾಂ. ಅಕ್ಕಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ರಾಗಿಯ ವೈಶಿಷ್ಟ್ಯ ಸುಣ್ಣದ ಅಂಶದಲ್ಲಿದೆ: ೧೦೦ ಗ್ರಾಮಿಗೆ ೩೦೦ ಮಿಲಿಗ್ರಾಮಿಗಿಂತ ಹೆಚ್ಚು. ಆದುದರಿಂದ ಕನಕದಾಸರ ತೀರ್ಪನ್ನು ಸಸಾರಜನಕದ ತೀರ್ಪಾಗಿ ತಿರುಚಿದರೆ ಶಾಸ್ತ್ರಕ್ಕೂ ಕಾವ್ಯಕ್ಕೂ ಅಪಚಾರವಾಗುತ್ತದೆ. ಅವರ ವಾದ ನ್ಯಾಯಕ್ಕೆ ಸಂಬಂಧಿಸಿದುದು. ಉಳ್ಳವರ ಊಟವೆಂಬ ಕಾರಣದಿಂದಲೇ ಒಂದು ಧಾನ್ಯ ಶ್ರೇಷ್ಠವಾಗದು, ಕೆಳಗಿನವರ ಊಟವೆಂಬ ಕಾರಣದಿಂದ ಇನ್ನೊಂದು ಹೀನವಾಗದು ಎಂಬುದೇ ಅದರ ತಿರುಳು. ವಿಪರ್ಯಾಸವೆಂದರೆ, ಇಂದು ಅದೇ ರಾಗಿಯನ್ನು ಬಣ್ಣದ ಹೊದಿಕೆಯಲ್ಲಿಟ್ಟು, ಉಳ್ಳವರಷ್ಟೇ ಕೊಳ್ಳಬಹುದಾದ ಬೆಲೆಗೆ, ಕನಕದಾಸರ ಹೆಸರಿನ ಆಸರೆಯಲ್ಲಿ ಮಾರಬಹುದಾಗಿದೆ.

೪

ಮೂರನೆಯ ಆಧಾರ ನಮ್ಮ ಕಾಲಕ್ಕೆ ಹತ್ತಿರವಾದುದು. ತಾಳಿಕೆಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ ೧೯೧೧ರಲ್ಲಿ ಜನಿಸಿದ ಮೈಲಾರ ಮಹದೇವಪ್ಪನವರು ೧೯೩೦ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ಕನ್ನಡಿಗರೆಂದು ಪ್ರಸಿದ್ಧರು. ಮಾರ್ಚ್ ೧೨ರಂದು ಸಾಬರಮತಿಯಿಂದ ಹೊರಟ ತಂಡ ಏಪ್ರಿಲ್ ೫ರಂದು ದಂಡಿಯನ್ನು ತಲುಪಿತು. ಕ್ರಮಿಸಿದ ದೂರ ಸುಮಾರು ೨೪೦ ಮೈಲು; ಎಂದರೆ ಬೇಸಗೆಯ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ೧೦ ಮೈಲು. ಇದೇ ಮಹದೇವಪ್ಪನವರು ೧೯೪೩ರಲ್ಲಿ ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದುದನ್ನು ಈ ಸೀಮೆ ಮರೆತಿಲ್ಲ.

ಯಾತ್ರೆಗೆ ಮುನ್ನ, ದಾರಿಯ ಹಳ್ಳಿಗಳವರು ತಂಡಕ್ಕೆ ಏನನ್ನು ಉಣಿಸಬೇಕೆಂಬುದನ್ನು ಗಾಂಧೀಜಿ ಬರೆದು ಪ್ರಕಟಿಸಿದ್ದರು. ನಸುಕಿನಲ್ಲಿ ಅಂಬಲಿಯಂಥ ರಾಬ್ ಮತ್ತು ಧೇಬರಾ ಎಂಬ ರೊಟ್ಟಿ. ನಡುಹಗಲಿಗೆ ಭಾಕರಿ, ಬೇಯಿಸಿದ ಪಲ್ಯ, ಮಜ್ಜಿಗೆ ಇಲ್ಲವೆ ಹಾಲು. ಸಂಜೆ ಮತ್ತೆ ಹೊರಡುವ ಮುನ್ನ ಹುರಿದ ಕಡಲೆ. ರಾತ್ರಿ ಅಕ್ಕಿಬೇಳೆಯ ಖಿಚಡಿ, ಪಲ್ಯ, ಮಜ್ಜಿಗೆ. ಒಬ್ಬರಿಗೆ ದಿನಕ್ಕೆ ಮೂರು ತೊಲಕ್ಕಿಂತ ಹೆಚ್ಚು ತುಪ್ಪ ಕೂಡದು; ಸಿಹಿತಿಂಡಿ ಮಾಡಿಟ್ಟರೂ ಸ್ವೀಕರಿಸುವುದಿಲ್ಲ. ನಿಯಮದ ಸಾರ ಇಷ್ಟು.

ಈ ದಾಖಲೆಯನ್ನು ಓದುವಾಗಲೂ ಎಚ್ಚರ ಬೇಕು. ಇದು ಕ್ರೀಡಾಪಟುವಿನ ಪಥ್ಯವಲ್ಲ. ಹಳ್ಳಿಗರಿಗೆ ಹೊರೆಯಾಗಬಾರದೆಂಬ ನೀತಿಯಿಂದ ಹುಟ್ಟಿದ ಮಿತಿ ಇದು. ನಡಿಗೆಯೂ ಸ್ಪರ್ಧೆಯ ಓಟವಲ್ಲ. ಹಲವು ಯಾತ್ರಿಕರಿಗೆ ದಾರಿಯಲ್ಲಿ ದಣಿವೂ ಅಸ್ವಸ್ಥತೆಯೂ ಒದಗಿದ್ದುಂಟು. ಆದರೂ ಒಂದು ಸಂಗತಿ ಸ್ಪಷ್ಟ. ರೊಟ್ಟಿ, ಕಾಳು, ಮಜ್ಜಿಗೆ, ಪಲ್ಯ ಎಂಬ ಈ ಊಟ ಮೋಟೆಬೆನ್ನೂರಿನ ತರುಣನಿಗೆ ಅಪರಿಚಿತವಾದುದಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಎಂದು ನಮ್ಮ ಕಡೆ ಹೇಳುವುದರ ಗುಜರಾತಿ ರೂಪವೇ ಅದು. ಸೋಮೇಶ್ವರನಲ್ಲಿ ಉಣಿಸುವವನು ಅರಸ. ಇಲ್ಲಿ ಉಣಿಸುವವರು ದಾರಿಯ ಹಳ್ಳಿಗಳು. ಎರಡು ಕಡೆಯೂ ಶ್ರಮಿಸುವವನ ಊಟ ಅವನೊಬ್ಬನ ಕಿಸೆಯ ಪ್ರಶ್ನೆಯಾಗಿರಲಿಲ್ಲ.

೫

ಈ ಮೂರು ಆಧಾರಗಳಲ್ಲಿಯೂ ಸಸಾರಜನಕ ಎಂಬ ಪರಿಕಲ್ಪನೆ ಇಲ್ಲ. ಮೊದಲ ಎರಡರಲ್ಲಿ ಅದು ಇರುವುದೂ ಶಕ್ಯವಿರಲಿಲ್ಲ; ಪ್ರೋಟೀನು ಎಂಬ ಹೆಸರು ಯುರೋಪಿನ ರಸಾಯನಶಾಸ್ತ್ರದಲ್ಲಿ ಹುಟ್ಟಿದುದೇ ೧೮೩೮ರಲ್ಲಿ. ಹಾಗಾದರೆ ಅದೊಂದೇ ತಾಳಿಕೆಯ ಮೂಲವೆಂಬ ನಂಬಿಕೆ ಎಲ್ಲಿಂದ ಬಂತು? ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ೧೮೪೦ರ ದಶಕದಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದ. ಸ್ನಾಯುಗಳು ದುಡಿಯುವಾಗ ತಮ್ಮ ಸಸಾರಜನಕವನ್ನೇ ವ್ಯಯ ಮಾಡುತ್ತವೆ, ಆದುದರಿಂದ ದುಡಿಯುವವನು ಅದನ್ನೇ ಹೆಚ್ಚಾಗಿ ಉಣ್ಣಬೇಕು ಎಂಬುದು ಅದರ ಸಾರ. ಇದನ್ನು ಪರೀಕ್ಷಿಸಲು ಜೂರಿಕ್ ನಗರದ ಪ್ರಾಧ್ಯಾಪಕರಾದ ಫಿಕ್ ಮತ್ತು ವಿಸ್ಲಿಸೇನಸ್ ೧೮೬೫ರಲ್ಲಿ ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಪರ್ವತವನ್ನು ಏರಿದರು. ಏರಿದ ಎತ್ತರ ೧,೯೫೬ ಮೀಟರು. ಮೊದಲೇ ಸಸಾರಜನಕವುಳ್ಳ ಆಹಾರವನ್ನು ಬಿಟ್ಟು, ಪಿಷ್ಟ, ಕೊಬ್ಬು, ಸಕ್ಕರೆಗಳನ್ನಷ್ಟೇ ಸೇವಿಸಿ, ಮೂತ್ರದಲ್ಲಿಯ ಸಾರಜನಕವನ್ನು ಅಳೆದರು. ಅವರ ಮೈಯಲ್ಲಿ ವ್ಯಯವಾದ ಸಸಾರಜನಕದ ಶಕ್ತಿ ಕೇವಲ ಮೈಯನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸದ ಸುಮಾರು ಅರ್ಧಕ್ಕೆ ಮಾತ್ರ ಸಾಲುವಷ್ಟಿತ್ತೆಂದು ಮರುವರ್ಷದ ಗಣನೆಯಿಂದ ತಿಳಿದುಬಂತು. ಹೃದಯ, ಶ್ವಾಸಗಳ ಕೆಲಸವನ್ನೂ, ಶಾಖವಾಗಿ ಕಳೆದುಹೋಗುವ ಶಕ್ತಿಯನ್ನೂ ಸೇರಿಸಿದರೆ ಅದರ ಪಾಲು ಇನ್ನೂ ಕಿರಿದಾಗುತ್ತದೆ. ದೀರ್ಘ ಶ್ರಮದ ಇಂಧನ ಮುಖ್ಯವಾಗಿ ಪಿಷ್ಟಶರ್ಕರಗಳೂ ಕೊಬ್ಬೂ ಎಂಬುದನ್ನು ಮುಂದಿನ ಶಾಸ್ತ್ರ ದೃಢಪಡಿಸಿದೆ.

ಪರ್ವತಾರೋಹಣ ನಡೆದ ಆ ೧೮೬೫ರಲ್ಲಿಯೇ ಲೀಬಿಗ್‌ನ ಹೆಸರಿನಲ್ಲಿ ಮಾಂಸಸಾರವನ್ನು ಮಾರುವ ಕಂಪನಿಯೂ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಸಿದ್ಧಾಂತ ಶಿಥಿಲವಾದ ಮೇಲೂ ಸರಕು ಬಹುಕಾಲ ಬಾಳಿತು. ಹೀಗಿರುವಾಗ, ಜಟ್ಟಿಗಳ ರಹಸ್ಯವೆಂದು ಇಂದು ನಮಗೆ ಕೇಳಿಬರುವ ಮಾತು ವಾಸ್ತವವಾಗಿ ೧೯ನೆಯ ಶತಮಾನದ ಯುರೋಪಿನ ಒಂದು ತ್ಯಕ್ತ ಸಿದ್ಧಾಂತದ ಪ್ರತಿಧ್ವನಿ ಎನ್ನದೆ ವಿಧಿಯಿಲ್ಲ.

ಇದರಿಂದ ಸಸಾರಜನಕ ನಿರರ್ಥಕವೆಂದು ತಿಳಿಯಬಾರದು. ಸವೆದ ಸ್ನಾಯುವನ್ನು ದುರಸ್ತಿ ಮಾಡಲು, ಬೆಳೆಸಲು ಅದು ಬೇಕೇ ಬೇಕು. ಹಸಿವನ್ನು ತಣಿಸುವ ಗುಣವೂ ಅದಕ್ಕೆ ಹೆಚ್ಚು. ಆದರೆ ಉಂಡುದಕ್ಕಿಂತ ವ್ಯಯ ಹೆಚ್ಚಾದಾಗ ಮಾತ್ರ ಮೈಯ ಕೊಬ್ಬು ಇಳಿಯುತ್ತದೆ. ಎಂದಿನ ಊಟದ ಮೇಲೆ ಪುಡಿಯನ್ನು ಸುರಿದುಕೊಂಡರೆ ಇಳಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೨೦ರ ಗಣನೆಯಂತೆ ಸಾಮಾನ್ಯ ವಯಸ್ಕನಿಗೆ ದೇಹತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಸಸಾರಜನಕ ಸಾಕು. ಅಮೆರಿಕ ಮತ್ತು ಕೆನಡಾದ ಕ್ರೀಡಾವೈದ್ಯ ಹಾಗೂ ಆಹಾರತಜ್ಞ ಸಂಸ್ಥೆಗಳು ೨೦೧೬ರಲ್ಲಿ ಕ್ರೀಡಾಪಟುಗಳಿಗೆ ೧.೨ರಿಂದ ೨ ಗ್ರಾಮಿನ ವರೆಗೆ ಹೇಳಿವೆ. ೬೦ ಕಿಲೋ ತೂಕದ ಓಟಗಾರನಿಗೆ ಇದು ೭೨ರಿಂದ ೧೨೦ ಗ್ರಾಂ ಆಗುತ್ತದೆ.

ಈ ಸೀಮೆಯ ಊಟವನ್ನು ಇದೇ ಅಳತೆಗೆ ಹಚ್ಚಿ ನೋಡೋಣ. ೪೦೦ ಗ್ರಾಂ ಜೋಳದ ಹಿಟ್ಟಿನಿಂದ ಸುಮಾರು ೪೦ ಗ್ರಾಂ. ೭೫ ಗ್ರಾಂ ಹೆಸರು ಅಥವಾ ಹುರುಳಿಕಾಳಿನಿಂದ ೧೭. ೩೦ ಗ್ರಾಂ ಶೇಂಗಾದಿಂದ ೭. ಅರ್ಧ ಲೀಟರು ಎಮ್ಮೆಯ ಹಾಲಿನಿಂದ ೨೧. ಒಟ್ಟು ಸುಮಾರು ೮೫ ಗ್ರಾಂ. ಜೋಳದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಸಮೃದ್ಧ. ರೊಟ್ಟಿಯೊಡನೆ ಕಾಳುಪಲ್ಯವನ್ನಿಡುವ ನಮ್ಮ ಪದ್ಧತಿ ಈ ಕೊರತೆಯನ್ನು ತಾನಾಗಿಯೇ ತುಂಬುತ್ತದೆ. ತತ್ತಿಯೋ ಮಾಂಸವೋ ಸೇರಿದರೆ ಇನ್ನೂ ಸುಲಭ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ೨೦೨೪ರ ತನ್ನ ಮಾರ್ಗಸೂಚಿಯಲ್ಲಿ, ಮೈಬೆಳೆಸಲು ಸಸಾರಜನಕದ ಪುಡಿಗಳನ್ನು ಸೇವಿಸದಿರುವಂತೆ ಹೇಳಿದೆ. ಅವುಗಳಲ್ಲಿ ಸಕ್ಕರೆ, ಕೃತಕ ಸಿಹಿ, ಕೃತಕ ಪರಿಮಳಗಳನ್ನು ಬೆರೆಸಿರಬಹುದೆಂಬುದನ್ನೂ ತಿಳಿಸಿದೆ. ಊಟದ ಹೊತ್ತಿಗೂ ಸಾಧನೆಯ ಹೊತ್ತಿಗೂ ಹೊಂದಿಕೆಯಾಗದ ಉನ್ನತಮಟ್ಟದ ಸ್ಪರ್ಧಾಳುವಿಗೆ ಪುಡಿ ಅನುಕೂಲವೆನಿಸಬಹುದು. ಆದರೆ ಅನುಕೂಲ ಬೇರೆ, ಅವಶ್ಯಕತೆ ಬೇರೆ.

ಪ್ರಾಚೀನತೆಯ ವಾದದಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಲೆಕ್ಕದಲ್ಲಿ ಬಂದ ಶೇಂಗಾ ಅಮೆರಿಕ ಖಂಡದ ಬೆಳೆ. ಬ್ಯಾಡಗಿಗೆ ಹೆಸರು ತಂದ ಮೆಣಸಿನಕಾಯಿಯೂ ಅಷ್ಟೇ. ಪೋರ್ಚುಗೀಸರು ಬಂದ ಮೇಲೆ ನಮ್ಮ ದೇಶವನ್ನು ಸೇರಿದುದು. ಸೋಮೇಶ್ವರನ ಅಡಿಗೆಯವರು ಇವೆರಡನ್ನೂ ಕಂಡವರಲ್ಲ. ಮೆಣಸಿನಕಾಯಿಯ ಖಾರದ ಅಂಶವನ್ನು ಕೊಬ್ಬು ಕರಗಿಸುವ ಔಷಧವೆಂದು ಮಾರುವುದೂ ಈಗ ನಡೆದಿದೆ. ಪ್ರಯೋಗಗಳಲ್ಲಿ ಅದರ ಪರಿಣಾಮ ಅತ್ಯಲ್ಪವೆಂದೇ ಕಂಡಿದೆ. ಮೇಲಾಗಿ, ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಪ್ರಸಿದ್ಧವಾದುದು ತನ್ನ ಕಡುಗೆಂಪು ಬಣ್ಣಕ್ಕೆ; ಖಾರ ಅದರಲ್ಲಿ ಕಡಿಮೆ. ಊರಿನ ಹೆಸರಿದ್ದ ಮಾತ್ರಕ್ಕೆ, 'ನೈಸರ್ಗಿಕ' ಎಂಬ ವಿಶೇಷಣವಿದ್ದ ಮಾತ್ರಕ್ಕೆ, ಪದಾರ್ಥಕ್ಕೆ ಇಲ್ಲದ ಗುಣ ಬಾರದು.

೬

ಇಷ್ಟರಿಂದ ಹೊರಡುವ ನಿರ್ಣಯ ಹೀಗಿದೆ. ಮಾನಸೋಲ್ಲಾಸ ಶ್ರಮವನ್ನೂ ಪೋಷಣೆಯನ್ನೂ ಒಟ್ಟಾಗಿ ವಿಧಿಸಿ, ಪೋಷಣೆಯ ಹೊಣೆಯನ್ನು ಅರಸನ ಮೇಲೆ ಹೊರಿಸುತ್ತದೆ. ರಾಮಧಾನ್ಯಚರಿತ್ರೆ ಬಡವನ ಧಾನ್ಯಕ್ಕೆ ಗೌರವವನ್ನು ದೊರಕಿಸುತ್ತದೆ. ದಂಡಿಯ ನಿಯಮ ಹಳ್ಳಿಯ ಊಟದ ಆಧಾರದ ಮೇಲೆಯೇ ದೀರ್ಘ ಶ್ರಮವನ್ನು ಯೋಜಿಸುತ್ತದೆ. ಇಂದಿನ ಪ್ರಚಾರ ಈ ಪರಂಪರೆಯಿಂದ ಭಕ್ಷ್ಯಗಳ ಹೆಸರನ್ನಷ್ಟೇ ಎತ್ತಿಕೊಂಡಿದೆ. ಶ್ರಮವನ್ನೂ, ಉಣಿಸುವವನ ಹೊಣೆಯನ್ನೂ, ಬಡವನ ಧಾನ್ಯದ ಗೌರವವನ್ನೂ ಕೈಬಿಟ್ಟು, ವೆಚ್ಚವನ್ನು ಮಾತ್ರ ವಿದ್ಯಾರ್ಥಿಯ ತಲೆಗೆ ಕಟ್ಟಿದೆ.

ನಮ್ಮ ಸೀಮೆಯ ತರುಣನಿಗೆ ನಿಜವಾಗಿ ಕೊರತೆಯಾಗಬಹುದಾದುದು ಮೇಲಿನ ಲೆಕ್ಕದ ಕೊನೆಯ ಮೂರು ಅಂಶಗಳು. ರೊಟ್ಟಿ ದೊರೆತೀತು, ಕಾಳು, ಶೇಂಗಾ, ಹಾಲು ದಿನವೂ ದೊರೆಯುವುದು ಎಲ್ಲರ ಮನೆಯಲ್ಲಿಲ್ಲ. ಡಬ್ಬಿಗಾಗಿ ಸಾಲ ಮಾಡುವ ಹುಡುಗನಿಗೆ ನಾವು ಅಧ್ಯಾಪಕರು ಹೇಳಬೇಕಾದುದು ಇದನ್ನೇ: ಆ ಹಣ ಕಾಳಿಗೂ ಹಾಲಿಗೂ ಸಲ್ಲಲಿ. ಆದರೆ ಉಪದೇಶದಿಂದಲೇ ನಮ್ಮ ಕರ್ತವ್ಯ ಮುಗಿಯುವುದಿಲ್ಲ. ೨೦೧೩ರಲ್ಲಿ ಪ್ರಾರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಶಾಲೆಯ ಮಕ್ಕಳಿಗೆ ಹಾಲು ದೊರೆಯುವಂತಾಯಿತು. ಅರಸನ ಹಳೆಯ ಹೊಣೆಯನ್ನು ಪ್ರಜಾರಾಜ್ಯ ಒಪ್ಪಿಕೊಂಡ ಬಗೆ ಅದು. ಕಾಲೇಜಿನ ಆಟದ ಬಯಲಿಗೆ ಬರುವ ಹೊತ್ತಿಗೆ ಆ ಹೊಣೆ ಯಾರದೂ ಅಲ್ಲವಾಗಬಾರದು. ಕ್ರೀಡಾ ಶುಲ್ಕವೆಂದು ಕೂಡಿಸುವ ಹಣದ ಒಂದು ಪಾಲಿನಿಂದ, ಸಾಧನೆ ಮುಗಿಸಿ ಬಂದ ವಿದ್ಯಾರ್ಥಿಗಳಿಗೆ ನೆನೆಸಿದ ಕಡಲೆ, ಬಾಳೆಹಣ್ಣು, ಒಂದು ಲೋಟ ಹಾಲು ಒದಗಿಸುವುದು ಯಾವ ಕಾಲೇಜಿಗೂ ಅಸಾಧ್ಯವೆಂದು ನಮಗೆ ತೋರುವುದಿಲ್ಲ.

ಕೊನೆಯದಾಗಿ ಸಂಶೋಧನೆಯ ದೃಷ್ಟಿಯಿಂದ ಒಂದು ಸೂಚನೆ. ಆಸ್ಥಾನದ ಮಲ್ಲರ ಊಟ ನಮಗೆ ಗ್ರಂಥದಿಂದ ತಿಳಿದಿದೆ; ಊರ ಗರಡಿಯವರ ಊಟ ತಿಳಿಯಬೇಕಾದರೆ ಗ್ರಂಥದ ಹೊರಗೆ ಹುಡುಕಬೇಕು. ಜಾತ್ರೆಯ ಕುಸ್ತಿಗಳನ್ನು ನಡೆಸುತ್ತ ಬಂದ ಊರುಗಳಲ್ಲಿ, ಪೈಲವಾನರಿಗೆ ಹಾಲು ತುಪ್ಪ ಕೊಡುತ್ತಿದ್ದ ಮನೆಗಳಲ್ಲಿ, ವಂತಿಗೆಯ ಲೆಕ್ಕದ ಹಳೆಯ ಪುಸ್ತಕಗಳು ಉಳಿದಿರಬಹುದು; ಇಳಿವಯಸ್ಸಿನ ಜಟ್ಟಿಗಳ ನೆನಪಂತೂ ಇನ್ನೂ ಲಭ್ಯವಿದೆ. ಏನು ಉಂಡಿರಿ ಎಂದು ಕೇಳುವುದರೊಡನೆ ಯಾರು ಕೊಟ್ಟರು, ಎಷ್ಟು ದಿನ ಕೊಟ್ಟರು, ಕೊಡುವುದು ನಿಂತುದು ಯಾವಾಗ ಎಂಬುದನ್ನೂ ಕೇಳಿ ಬರೆದಿಟ್ಟುಕೊಂಡರೆ, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ವಿದ್ಯಾರ್ಥಿಗಳು ಈ ನಾಡಿನ ದೇಹಬಲದ ಇತಿಹಾಸಕ್ಕೆ ಪ್ರಚಾರಪತ್ರಗಳಿಗಿಂತ ಗಟ್ಟಿಯಾದ ತಳಹದಿಯನ್ನು ಹಾಕಿದಂತಾಗುತ್ತದೆ.